ಇಬ್ಬರು ಕ್ಷೌರಿಕರು: ಪೈಸಿಯೆಲ್ಲೊ ಮತ್ತು ರೊಸ್ಸಿನಿ

'ಸೆವಿಲ್ಲೆಯ ಕ್ಷೌರಿಕ' ಅಂದರೆ ಎಲ್ಲರಿಗೂ ನೆನಪಾಗುವುದು ಇಟಲಿಯ ಸಂಗೀತ ಸಂಯೋಜಕ ರೊಸ್ಸಿನಿ. ಆದರೆ ಬೋಮಾರ್ಶೆಯ 1775ರ ಫ್ರೆಂಚ್ ನಾಟಕವನ್ನು ಅವನಿಗಿಂತ ಮೊದಲೇ, 1782ರಲ್ಲಿ, ಅದೇ ನಾಡಿನ ಹಿರಿಯ ಸಂಯೋಜಕ ಪೈಸಿಯೆಲ್ಲೊ ಇಟಾಲಿಯನ್ ಹಾಸ್ಯ ಒಪೆರಾ (ಹಾಡುತ್ತಲೇ ಆಡುವ ನಾಟಕ) ಮಾಡಿದ್ದ. ಅದೂ ರಷ್ಯದ ರಾಣಿ ಎರಡನೇ ಕ್ಯಾಥರೀನಳ ಆಸ್ಥಾನಕ್ಕಾಗಿ. 1816ರಲ್ಲಿ ರೋಮ್‌ನಲ್ಲಿ ತನ್ನದನ್ನು ಆಡಿಸುವಾಗ ರೊಸ್ಸಿನಿ ಹಿರಿಯನ ಮೇಲಿನ ಗೌರವಕ್ಕೆ 'ಆಲ್ಮಾವಿವಾ' ಎಂದು ಬೇರೆ ಹೆಸರಿಟ್ಟ. ಆದರೂ ಮೊದಲ ರಾತ್ರಿ ಜನ ಶಿಳ್ಳೆ ಹೊಡೆದು ಗಲಾಟೆ ಎಬ್ಬಿಸಿದರು.

ಎರಡರ ಕಥೆಯೂ ಒಂದೇ: ಮುದಿ ವೈದ್ಯ ಬಾರ್ತೊಲೊ ತಾನೇ ಮದುವೆಯಾಗಲೆಂದು ಮನೆಯಲ್ಲಿ ಕೂಡಿಹಾಕಿದ ರೊಸೀನಾಳನ್ನು ಕೌಂಟ್ ಆಲ್ಮಾವಿವಾ ಕ್ಷೌರಿಕ ಫಿಗರೊನ ನೆರವಿನಿಂದ ಗೆಲ್ಲುತ್ತಾನೆ. ಹಾಡುಗಳ ಸಾಹಿತ್ಯದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಎರಡನ್ನೂ ದೃಶ್ಯ ದೃಶ್ಯವಾಗಿ ಕೇಳಿದೆ.

ಕಿಟಕಿಯ ಕೆಳಗೆ ಕೌಂಟ್ ಹಾಡುವ ಪ್ರೇಮಗೀತೆಯಲ್ಲಿ ಪೈಸಿಯೆಲ್ಲೊನೇ ಮುಂದು. ಮ್ಯಾಂಡೊಲಿನ್ ಮೆಲ್ಲಗೆ ಮಿಡಿಯುತ್ತಿರುತ್ತದೆ, ರಾಗ ಅದರ ಮೇಲೆ ತೇಲುತ್ತದೆ. ರೊಸ್ಸಿನಿಯ ಗಿಟಾರ್ ಗೀತೆಯೂ ಇಂಪಾಗಿದೆ. ಮಾರನೆಯ ದಿನ ನಾನು ಗುನುಗಿದ್ದು ಮಾತ್ರ ಮೊದಲಿನದನ್ನು.

ರೊಸೀನಾಳ ಸಂಗೀತದ ಮೇಷ್ಟ್ರು ಬಸೀಲಿಯೊನ ಚಾಡಿಯ ಹಾಡಿಗೆ ಬಂದರೆ ರೊಸ್ಸಿನಿಗೆ ಸಾಟಿಯಿಲ್ಲ. ಅಪನಿಂದೆ ತಂಗಾಳಿಯಂತೆ ಹುಟ್ಟಿ ಫಿರಂಗಿಯಂತೆ ಸಿಡಿಯುತ್ತದೆ ಎನ್ನುತ್ತದೆ ಸಾಹಿತ್ಯ; ವಾದ್ಯವೃಂದ ಅದನ್ನೇ ಮಾಡಿ ತೋರಿಸುತ್ತದೆ. ಪಿಟೀಲಿನ ಕಮಾನು ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ (ಬ್ರಿಡ್ಜ್) ಹತ್ತಿರ ಆಡಿ ಪಿಸುಪಿಸು ಅನ್ನುತ್ತದೆ. ಅದೇ ಪುಟ್ಟ ಸ್ವರಗುಚ್ಛ ಮತ್ತೆ ಮತ್ತೆ ಬಂದು, ಪ್ರತಿ ಸಲ ಇನ್ನೊಂದಷ್ಟು ವಾದ್ಯ ಸೇರಿ, ಕೊನೆಗೆ ದೊಡ್ಡ ನಗಾರಿ ಢಂ ಅಂದಾಗ ಎದೆ ಝಲ್ಲೆಂದಿತು. ಪೈಸಿಯೆಲ್ಲೊನಲ್ಲೂ ಈ ಹಾಡಿದೆ, ಇಷ್ಟು ಹೆದರಿಸುವುದಿಲ್ಲ.

ನನ್ನನ್ನು ನಿಜಕ್ಕೂ ಕಾಡಿದವಳು ರೊಸೀನಾ. ರೊಸ್ಸಿನಿಯವಳು ತಂಟೆಗೆ ಬಂದರೆ ಹಾವಾಗುತ್ತೇನೆ ಎಂದು ಹಾಡುವ ಗಟ್ಟಿಗಿತ್ತಿ. ಅವಳನ್ನು ಯಾರೂ ಕೂಡಿಹಾಕಲಾರರು ಎಂದು ಆಗಲೇ ಗೊತ್ತಾಗಿಬಿಡುತ್ತದೆ. ಪೈಸಿಯೆಲ್ಲೊನವಳು ಮುದುಕ ಬಾರ್ತೊಲೊನ ಬೈಗುಳ ತಿಂದು, ಒಬ್ಬಳೇ ಉಳಿದು, ದೇವರಲ್ಲಿ ಮನಶ್ಶಾಂತಿ ಬೇಡುತ್ತಾಳೆ. ಹಾಸ್ಯ ಅಲ್ಲಿ ನಿಂತೇಹೋಗುತ್ತದೆ. ಬೀಗ ಹಾಕಿದ ಮನೆಯಲ್ಲಿರುವ ಹುಡುಗಿಯ ಸಂಕಟ ನನಗೆ ತಟ್ಟಿದ್ದು ಅಲ್ಲೇ.

ಫಿಗರೊನ ಪ್ರವೇಶ? ರೊಸ್ಸಿನಿ, ಎರಡು ಮಾತಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಪೈಸಿಯೆಲ್ಲೊನಲ್ಲಿ ಇಬ್ಬರು ಆಳುಗಳಿದ್ದಾರೆ: ಒಬ್ಬನ ಹೆಸರು 'ಎಚ್ಚರದವ', ಇನ್ನೊಬ್ಬ 'ಎಳೆಯ'. ಫಿಗರೊ ಕೊಟ್ಟ ಮದ್ದಿನಿಂದ ಎಚ್ಚರದವ ಆಕಳಿಸುತ್ತಾನೆ, ಮುದಿ ಎಳೆಯ ಸೀನುತ್ತಾನೆ, ನಡುವೆ ಬಾರ್ತೊಲೊ ಪ್ರಶ್ನೆ ಕೇಳಿ ಕೇಳಿ ಸುಸ್ತಾಗುತ್ತಾನೆ. ಆಕಳಿಕೆ, ಸೀನು ಎರಡೂ ತಾಳಕ್ಕೆ ಸರಿಯಾಗಿ! ಮೂರು ಸಲ ಹಾಕಿ ಕೇಳಿದೆ. ಹೊಸಬರು ರೊಸ್ಸಿನಿಯಿಂದ ಶುರುಮಾಡಿ, ಆದರೆ ಈ ಆಳುಗಳನ್ನು ಅದೇ ವಾರ ಕೇಳಿಬಿಡಿ.