ಕ್ಯಾನ್ಮೋರ್ ಕಡೆ ಸ್ಕೀ: ಮೊದಲ ಸಲಕ್ಕೆ ಹಳೇ ಹೈವೇನೇ ವಾಸಿ

ಕೆನಡಾದ ಕ್ಯಾಲ್ಗರಿಗೆ ಹೊಸದಾಗಿ ಬಂದ ನಮ್ಮವರಿಗೆ ಕ್ರಾಸ್‌ಕಂಟ್ರಿ ಸ್ಕೀ (ಹಿಮದ ದಾರಿಯಲ್ಲಿ ಸ್ಕೀ ಹಾಕಿಕೊಂಡು ಕಾಲಬಲದಿಂದ ಜಾರುತ್ತಾ ಹೋಗೋದು) ಅಂದರೆ ಎಲ್ಲರೂ ಹೇಳುವುದು ಕ್ಯಾನ್ಮೋರ್ ನಾರ್ಡಿಕ್ ಸೆಂಟರ್. ಊರಿಂದ ಸುಮಾರು 100 ಕಿ.ಮೀ. 1988ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಜಾಗ. 60 ಕಿ.ಮೀ.ಗೂ ಜಾಸ್ತಿ ದಾರಿ, ರಾತ್ರಿ ಸ್ಕೀ ಮಾಡಲು ದೀಪ, ಬಾಡಿಗೆ ಸ್ಕೀ, ಬಿಸಿ ಸೂಪು, ಒಳ್ಳೆಯ ಶೌಚಾಲಯ, ಎಲ್ಲಾ ಇದೆ. ಹೋದ ವರ್ಷದ ಹಿಮವನ್ನು ಮರದ ಹೊಟ್ಟಿನಡಿ ಬೇಸಿಗೆ ಪೂರ್ತಿ ಮುಚ್ಚಿಟ್ಟು, ಅಕ್ಟೋಬರ್‌ನಲ್ಲೇ ಹರಡಿ ಒಂದು ಸಣ್ಣ ಸುತ್ತು ಶುರು ಮಾಡಿಬಿಡುತ್ತಾರೆ! ನಮ್ಮಜ್ಜಿ ಹುಣಸೆಹಣ್ಣು ಜೋಪಾನ ಮಾಡುತ್ತಿದ್ದದ್ದೂ ಇಷ್ಟು ಅಚ್ಚುಕಟ್ಟಾಗಿರಲಿಲ್ಲ.

ಇಷ್ಟಿದ್ದರೂ ಮೊದಲ ಸಲಕ್ಕೆ ನಾನು ಇಲ್ಲಿಗೆ ಕಳಿಸುವುದಿಲ್ಲ. ದಾರಿಗಳನ್ನು ಮಾಡಿರುವುದು ಸ್ಕೀ ಪಂದ್ಯದವರಿಗೆ. ಸುಲಭದ ದಾರಿಗಳೂ ಇವೆ, ಆದರೆ ಸ್ವಲ್ಪ ಆಚೆ ಈಚೆ ತಿರುಗಿದರೆ ಏರು, ಅದರ ಹಿಂದೆಯೇ ತಿರುವಿನಲ್ಲಿ ಇಳಿಜಾರು. ಪಕ್ಕದಲ್ಲಿ ಬಿಗಿಬಟ್ಟೆಯ ಹುಡುಗರು ಜೂಯ್ ಅಂತ ಹಾದುಹೋಗುತ್ತಾರೆ. ಚಿನೂಕ್ ಅನ್ನೋ ಬೆಚ್ಚನೆ ಗಾಳಿ ಬೀಸಿದರಂತೂ ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಬೆಳಿಗ್ಗೆಗೆ ಗಾಜು. ಕಾರ್ ನಿಲ್ಲಿಸಲು ಕನನಾಸ್ಕಿಸ್ ಅನ್ನೋ ಬೆಟ್ಟಪ್ರದೇಶದ ಪಾಸ್ ಬೇರೆ, ದಾರಿಗೆ ಟಿಕೆಟ್ ಬೇರೆ.

ಇನ್ನೊಂದು ಗಂಟೆ ಕಾರ್ ಓಡಿಸಿ, ಲೇಕ್ ಲೂಯಿಸ್‌ಗೆ ಹೋಗಿ. ಅಲ್ಲಿಂದ ಗ್ರೇಟ್ ಡಿವೈಡ್ ದಾರಿ ಹಿಡಿಯಿರಿ. ಇದು ಹಳೇ 1ಎ ಹೈವೇ, ಈಗ ಕಾರು ಬರಲ್ಲ. ಅಗಲ ರಸ್ತೆ, ಹೆಚ್ಚೂಕಡಿಮೆ ಮಟ್ಟ. ಯಂತ್ರ ಓಡಿಸಿ ಎರಡೆರಡು ಗೆರೆ ಕೊರೆದಿರುತ್ತಾರೆ, ಅದರೊಳಗೆ ಸ್ಕೀ ಇಟ್ಟರೆ ಕಾಲು ತಾನೇ ನೇರ ಹೋಗುತ್ತದೆ. ಬಿದ್ದರೂ ಹಿಂದಿನವರು ಗುದ್ದುವ ಭಯವಿಲ್ಲ. ಲೇಕ್ ಲೂಯಿಸ್ ಎತ್ತರದಲ್ಲಿದೆ, ಚಳಿಯೂ ಜಾಸ್ತಿ, ಹಾಗಾಗಿ ಹಿಮ ಚೆನ್ನಾಗಿ ನಿಲ್ಲುತ್ತದೆ. ಸುಮಾರು 7 ಕಿ.ಮೀ. ಹೋದರೆ ಆಲ್ಬರ್ಟಾ ಪ್ರಾಂತ್ಯ ಮುಗಿದು ಬ್ರಿಟಿಷ್ ಕೊಲಂಬಿಯಾ ಶುರು. ಅಲ್ಲೊಂದು ತೊರೆ ಎರಡಾಗಿ ಸೀಳಿ, ಒಂದು ಕವಲು ಪೆಸಿಫಿಕ್ ಕಡೆ, ಇನ್ನೊಂದು ಹಡ್ಸನ್ ಕೊಲ್ಲಿ ಕಡೆ ಹರಿಯುತ್ತದೆ. ಚಳಿಗಾಲದಲ್ಲಿ ಅದೆಲ್ಲ ಹಿಮದಡಿ, ಕಾಣೋದು ಬೋರ್ಡ್ ಮಾತ್ರ. ದೃಶ್ಯ ಅಂತ ದೊಡ್ಡದೇನಿಲ್ಲ, ಎರಡೂ ಕಡೆ ಸ್ಪ್ರೂಸ್ ಮರ. ನಮ್ಮನೆಯವರಿಗೆ ಬೇಜಾರಾಯಿತಂತೆ. ನನಗೆ ಆಗಲಿಲ್ಲ, ಕಾಲಿಗೆ ಲಯ ಸಿಕ್ಕಿದ್ದೇ ಇಲ್ಲಿ.

ದೃಶ್ಯ ಬೇಕೇ ಬೇಕು ಅನ್ನುವವರಿಗೆ ಪಕ್ಕದಲ್ಲೇ ಮೊರೇನ್ ಲೇಕ್ ರಸ್ತೆ. ಬೇಸಿಗೆಯಲ್ಲಿ ಬಸ್ಸುಗಳ ಜಾತ್ರೆ, ಚಳಿಗಾಲದಲ್ಲಿ ಸ್ಕೀಯವರದೇ ರಾಜ್ಯ. ಸುಮಾರು 8 ಕಿ.ಮೀ. ನಿಧಾನ ಏರು, ಕೊನೆಗೆ ಹತ್ತು ಶಿಖರಗಳ ಕಣಿವೆಯ ನೋಟ. ಆದರೆ ಕೆರೆ ತನಕ ಹೋಗಬೇಡಿ: ಆ ನೋಟದ ಜಾಗದಿಂದ ಮುಂದೆ ಹಿಮಕುಸಿತದ ಅಪಾಯ. ವಾಪಸ್ ಬರುವಾಗ ಇಳಿಜಾರು ಉದ್ದ, ಬ್ರೇಕ್ ಹಾಕುವುದನ್ನು ಮೊದಲು ಕಲಿತಿರಿ.

ಬಾಡಿಗೆಗೆ ಸ್ಕಿನ್ (ಹಿಮದಲ್ಲಿ ಹಿಡಿತ ಕೊಡುವ, ಅಡಿಗೆ ಅಂಟಿಸಿದ ರೋಮದ ಪಟ್ಟಿ) ಇರುವ ಸ್ಕೀ ಕೇಳಿ, ಹಿಡಿತಕ್ಕೆ ವ್ಯಾಕ್ಸ್ ಬಳಿಯುವ ತಲೆನೋವಿಲ್ಲ. ಒಂದು ಅಂಗಡಿಯಲ್ಲಿ ನನಗೆ ಬಿಗಿಯಾದ ಬೂಟು ಕೊಟ್ಟು "ಸಡಿಲವಾಗುತ್ತೆ" ಅಂದರು, ಆಗಲಿಲ್ಲ. ದಪ್ಪ ಕಾಲುಚೀಲ ಹಾಕಿಯೇ ಬೂಟು ನೋಡಿ. ಬುತ್ತಿಗೆ ಚಪಾತಿ ಪಲ್ಯ ಸುತ್ತಿ ಒಳಜೇಬಲ್ಲಿಡಿ, ಚಿತ್ರಾನ್ನ ಮೈನಸ್ 15ರಲ್ಲಿ ಕಲ್ಲು. ಲೇಕ್ ಲೂಯಿಸ್ ಇರೋದು ಬ್ಯಾನ್ಫ್ ನ್ಯಾಷನಲ್ ಪಾರ್ಕ್‌ನಲ್ಲಿ, ಅದರ ಪಾಸ್ ಮರೀಬೇಡಿ.