ಮಲೆನಾಡಿನ ಮನೆಗೆ ಯಾವ ಗೋಬರ್ ಗ್ಯಾಸ್? ಗುಮ್ಮಟ, ಡ್ರಮ್ಮು, ಬಲೂನು: ಮೂರರ ವಿಮರ್ಶೆ

ವರ್ಷವಿಡೀ ದಿನಕ್ಕೆ 40ರಿಂದ 50 ಕಿಲೊ ಸಗಣಿ ಸಿಗುವ ಮನೆಗೆ ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಗಾತ್ರದ ದೀನಬಂಧು ಗುಮ್ಮಟವೇ ಸರಿ. ಮಳೆಗಾಲದಲ್ಲಿ ಎರಡು ಮೂರು ಅಡಿ ಅಗೆದರೆ ನೀರು ಜಿನುಗುವ ಹಿತ್ತಲಾದರೆ ಬಲೂನು, ಅಂದರೆ ಹಾಳೆಯ ಚೀಲದ ಸ್ಥಾವರ ನೋಡಬಹುದು, ಆದರೆ ಅದರ ಮೇಲೊಂದು ಮಾಡು ಇರಲೇಬೇಕು. ಕಬ್ಬಿಣದ ತೇಲುವ ಡ್ರಮ್ಮನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಗೆ ಹೊಸದಾಗಿ ಹಾಕಿಸುವುದು ಬೇಡ. ಈ ತೀರ್ಮಾನಕ್ಕೆ ಕಾರಣ ಕೆಳಗಿದೆ. ಆದರೆ ಮಾದರಿಗಿಂತ ಮೊದಲು ಸಗಣಿಯ ಲೆಕ್ಕ ಆಗಬೇಕು. ಹಿತ್ತಲಲ್ಲಿ ಸತ್ತು ಬಿದ್ದಿರುವ ಹೆಚ್ಚಿನ ಸ್ಥಾವರಗಳು ಕೆಟ್ಟದ್ದು ಗಾರೆ ಕೆಲಸದಿಂದಲ್ಲ, ಹೊಟ್ಟೆಗೆ ಸಾಲದೆ.

ಒಂದು ಕಿಲೊ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. 25 ಕಿಲೊ ಸಗಣಿ ಹಾಕಿದರೆ ಒಂದು ಘನ ಮೀಟರ್. ಅಡುಗೆಗೆ ಒಬ್ಬರಿಗೆ ದಿನಕ್ಕೆ ಕಾಲು ಘನ ಮೀಟರಿಗೆ ತುಸು ಕಡಿಮೆ ಬೇಕು, ಅಂದರೆ ಐದು ಜನರ ಮನೆಗೆ 1.2 ಘನ ಮೀಟರ್. ಲೆಕ್ಕದ ಪ್ರಕಾರ 30 ಕಿಲೊ ಸಗಣಿ ಸಾಕು. ಆದರೆ ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ 30–35 ಡಿಗ್ರಿ ಬೆಚ್ಚಗಿರಬೇಕು. 20ರ ಕೆಳಗೆ ಅವು ಮಂಕಾಗುತ್ತವೆ. ಆಷಾಢದ ಜಡಿಮಳೆಯಲ್ಲೂ ಪುಷ್ಯದ ಚಳಿಯಲ್ಲೂ ಉತ್ಪತ್ತಿ ಇಳಿದೇ ಇಳಿಯುತ್ತದೆ. ಆ ತಿಂಗಳುಗಳಲ್ಲೂ ಒಲೆ ನಿಲ್ಲಬಾರದು ಅಂದರೆ 40 ಕಿಲೊ ಬೇಕು.

ಇಲ್ಲಿ ಮಲೆನಾಡು ಗಿಡ್ಡದ ಮಾತು ಬರುತ್ತದೆ. ಮೈ ಸಣ್ಣದು, ಮೇವು ಕಡಿಮೆ, ಹಗಲೆಲ್ಲ ಗುಡ್ಡದಲ್ಲಿ ಮೇದು ಬರುವ ದನ. ಹಗಲಿನ ಸಗಣಿ ಬೆಟ್ಟಕ್ಕೆ ಹೋಗುತ್ತದೆ, ಕೊಟ್ಟಿಗೆಗೆ ಬರುವುದು ರಾತ್ರಿಯದು ಮಾತ್ರ. ‘ನಾಲ್ಕು ದನ ಇದ್ದರೆ 2 ಘನ ಮೀಟರ್’ ಎಂಬ ಮಾತು ಕಟ್ಟಿ ಮೇಯಿಸುವ ಜೆರ್ಸಿ, ಎಚ್‌ಎಫ್ ಮಿಶ್ರತಳಿಗೆ ಸರಿ, ಗಿಡ್ಡಕ್ಕೆ ಅಲ್ಲ. ದನ ಎಣಿಸಬೇಡಿ. ಒಂದು ವಾರ ಬೆಳಿಗ್ಗೆ ಸಂಜೆ ಸಗಣಿಯನ್ನು ಬಕೆಟ್ಟಿನಲ್ಲಿ ತೂಗಿ ಬರೆದಿಡಿ, ಅದರ ಸರಾಸರಿಗೆ ತಕ್ಕ ಗಾತ್ರ ಹಿಡಿಯಿರಿ. 25 ಕಿಲೊ ದಾಟದಿದ್ದರೆ 1 ಘನ ಮೀಟರ್ ಸಾಕು. ದೊಡ್ಡದು ಕಟ್ಟಿಸಿದರೆ ಹೆಚ್ಚು ಅನಿಲ ಬರುವುದಿಲ್ಲ, ಹಾಕಿದ ಸಗಣಿಯಷ್ಟೇ ಬರುತ್ತದೆ, ಇಟ್ಟಿಗೆ ಸಿಮೆಂಟಿನ ಖರ್ಚು ಮಾತ್ರ ಏರುತ್ತದೆ.

ಉಳಿತಾಯದ ಲೆಕ್ಕ ಹೀಗೆ. ಒಂದು ಘನ ಮೀಟರ್ ಗೋಬರ್ ಗ್ಯಾಸು 0.43 ಕಿಲೊ ಎಲ್‌ಪಿಜಿಗೆ ಸಮ. ದಿನಕ್ಕೆ 1.2 ಘನ ಮೀಟರ್ ಉರಿಸಿದರೆ 0.52 ಕಿಲೊ, ಅಂದರೆ 14.2 ಕಿಲೊದ ಸಿಲಿಂಡರ್ 27 ದಿನಕ್ಕೊಂದು ಉಳಿಯುತ್ತದೆ, ವರ್ಷಕ್ಕೆ 13. ಆದರೆ ನಿಮ್ಮ ಮನೆ ಮೊದಲಿಗೆ ವರ್ಷಕ್ಕೆ ಏಳೇ ಸಿಲಿಂಡರ್ ತರುತ್ತಿದ್ದು, ಉಳಿದದ್ದಕ್ಕೆ ಸೌದೆ ಉರಿಸುತ್ತಿದ್ದರೆ ಕೈಯಲ್ಲಿ ಉಳಿಯುವ ದುಡ್ಡು ಏಳರದ್ದು ಮಾತ್ರ. ಮಿಕ್ಕದ್ದು ಸೌದೆ ಒಟ್ಟುವ ಶ್ರಮ, ಹೊಗೆ ಇಲ್ಲದ ಅಡುಗೆಮನೆ. ಅದೂ ಸಣ್ಣ ಲಾಭವಲ್ಲ, ಆದರೆ ಸಾಲದ ಕಂತು ಕಟ್ಟುವಾಗ ಲೆಕ್ಕಕ್ಕೆ ಹಿಡಿಯಲು ಬಾರದು.

ಈಗ ಮಾದರಿಗಳು. ತೇಲುವ ಡ್ರಮ್ಮಿನದು ಖಾದಿ ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲಿ ಊರೂರಿಗೆ ಒಯ್ದ ಮಾದರಿ. ಅದರ ಗುಣ ದೊಡ್ಡದು: ಡ್ರಮ್ಮು ಎಷ್ಟು ಮೇಲೆದ್ದಿದೆ ನೋಡಿದರೆ ಎಷ್ಟು ಅನಿಲ ಇದೆ ಗೊತ್ತಾಗುತ್ತದೆ, ಉರಿ ಮೊದಲಿನಿಂದ ಕೊನೆವರೆಗೆ ಒಂದೇ ಸಮ. ಆದರೆ ಕಬ್ಬಿಣ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಒಳಗಿನಿಂದ ಗಂಧಕದ ಅನಿಲ, ಎರಡೂ ಸೇರಿ ತಗಡನ್ನು ತಿನ್ನುತ್ತವೆ. ಪ್ರತಿ ವರ್ಷ ಡ್ರಮ್ಮು ಎತ್ತಿ, ಕೆರೆದು, ಬಣ್ಣ ಬಳಿಯದಿದ್ದರೆ ಬಗ್ಗಡ (ನೀರಿನಲ್ಲಿ ಕದಡಿದ ಸಗಣಿ) ತಾಗುವ ಗೆರೆಯಲ್ಲಿ ತೂತು ಬೀಳುತ್ತದೆ. ಫೈಬರ್ ಡ್ರಮ್ಮಿಗೆ ತುಕ್ಕಿನ ಕಾಟ ಇಲ್ಲ. ಡ್ರಮ್ಮು ತೇಲುವ ಹಳೇ ಬಾವಿ ಗಟ್ಟಿಯಾಗಿದ್ದು ಡ್ರಮ್ಮು ಮಾತ್ರ ಹೋಗಿದ್ದರೆ ಫೈಬರಿನದು ಕೂರಿಸುವುದು ಬುದ್ಧಿವಂತಿಕೆ.

ದೀನಬಂಧು 1984ರಲ್ಲಿ ಬಂದದ್ದು. ನೆಲದೊಳಗಿನ ಇಟ್ಟಿಗೆ ಗುಮ್ಮಟ, ಅಲುಗುವ ಭಾಗವೇ ಇಲ್ಲ, ನೆಲದ ಬಿಸುಪು ಚಳಿಗಾಲದಲ್ಲೂ ಕಾಪಾಡುತ್ತದೆ. ಕೊರತೆ ಏನೆಂದರೆ ಒತ್ತಡ ಸಮನಿಲ್ಲ: ಬೆಳಿಗ್ಗೆ ಒಲೆ ಭೋರ್ಗರೆಯುತ್ತದೆ, ಅನಿಲ ಮುಗಿಯುತ್ತ ಬಂದಂತೆ ಉರಿ ಸಪ್ಪೆಯಾಗುತ್ತದೆ. ಒಳಗೆ ಸಂಗ್ರಹವಾಗುವುದು ದಿನದ ಉತ್ಪತ್ತಿಯ ಮೂರನೇ ಒಂದು ಪಾಲು ಮಾತ್ರ. 2 ಘನ ಮೀಟರಿನದರಲ್ಲಿ ಒಂದು ಸಲಕ್ಕೆ 0.66. ಗಂಟೆಗೆ 0.45 ಘನ ಮೀಟರ್ ಉರಿಸುವ ಒಂದು ಬರ್ನರಿಗೆ ಅದು ಒಂದೂವರೆ ಗಂಟೆಯ ಅಡುಗೆ. ಆಮೇಲೆ ತುಂಬಲು ಬಿಡಬೇಕು. ಬೆಳಗಿನ ತಿಂಡಿ, ಮಧ್ಯಾಹ್ನದ ಅನ್ನ ಸಾರು, ರಾತ್ರಿಯ ಊಟ ಎಂದು ಮೂರು ಹೊತ್ತಿಗೆ ಹಂಚಿದ ಮನೆಗೆ ಇದು ಹೊಂದುತ್ತದೆ. ನೆಂಟರು ತುಂಬಿದ ದಿನಕ್ಕೆ ಒಂದು ಸಿಲಿಂಡರ್ ಇಟ್ಟುಕೊಳ್ಳಲೇಬೇಕು.

ಗುಮ್ಮಟ ಉಳಿಯುವುದು ಕಟ್ಟುವವನ ಕೈಯಲ್ಲಿ. ಜಂಬಿಟ್ಟಿಗೆ ಕಲ್ಲು ನಮ್ಮಲ್ಲಿ ಅಗ್ಗ, ಆದರೆ ಗುಮ್ಮಟಕ್ಕೆ ಬೇಡ. ಅದರ ಮೈತುಂಬ ರಂಧ್ರ. ಚೆನ್ನಾಗಿ ಸುಟ್ಟ, ತಟ್ಟಿದರೆ ಟಣ್ ಅನ್ನುವ ಇಟ್ಟಿಗೆಯೇ ಆಗಬೇಕು. 2 ಘನ ಮೀಟರಿಗೆ ಸಾವಿರದ ಆಸುಪಾಸು ಇಟ್ಟಿಗೆ, 14ರಿಂದ 16 ಚೀಲ ಸಿಮೆಂಟ್ ಹಿಡಿಯುತ್ತದೆ. ಕೊಟೇಶನ್ನಿನಲ್ಲಿ ಇದಕ್ಕಿಂತ ತೀರ ಕಡಿಮೆ ಕಂಡರೆ ಪ್ಲಾಸ್ಟರಿನಲ್ಲಿ ಉಳಿಸುತ್ತಾರೆ ಎಂದೇ ಅರ್ಥ. ಅನಿಲ ಸೋರುವುದು ಅಲ್ಲೇ. ಒಳಮೈಗೆ ಪ್ಲಾಸ್ಟರಿನ ಮೇಲೆ ಸಿಮೆಂಟ್ ಹಾಲು, ಅದರ ಮೇಲೆ ಎಪಾಕ್ಸಿ ಅಥವಾ ಕಪ್ಪು ಎನಾಮಲ್ ಬಣ್ಣ ಎರಡು ಕೈ. ಕೆಲಸ ಸಂಕ್ರಾಂತಿ ಕಳೆದು ಶುರುವಾಗಿ ಯುಗಾದಿಯ ಹೊತ್ತಿಗೆ ಮುಗಿಯಬೇಕು. ಮಳೆ ಬಿದ್ದು ಅಂತರ್ಜಲ ಏರಿದಾಗ ಖಾಲಿ ಗುಮ್ಮಟ ಇದ್ದರೆ ನೀರು ಅದನ್ನು ಕೆಳಗಿನಿಂದ ಒತ್ತಿ ಸೀಳುತ್ತದೆ. ಸಗಣಿ ತುಂಬುವ ಮೊದಲು ಗುಮ್ಮಟದ ಮೇಲೆ ಮಣ್ಣು ಮುಚ್ಚಿ ಗಟ್ಟಿ ಮಾಡಬೇಕು. ಆ ಭಾರವೇ ಒಳಗಿನ ಒತ್ತಡವನ್ನು ತಡೆಯುವುದು.

ಕೊನೆಯ ಕಂತಿನ ದುಡ್ಡು ಕೊಡುವ ಮೊದಲು ನೀರು ತುಂಬಿಸಿ, ಮಟ್ಟಕ್ಕೆ ಗೆರೆ ಹಾಕಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹೊಸ ಗೋಡೆ ಮೊದಲ ದಿನ ಸ್ವಲ್ಪ ಕುಡಿಯುತ್ತದೆ. ಮರುದಿನ ಮತ್ತೆ ತುಂಬಿಸಿದ ಮೇಲೂ ಇಳಿದರೆ ಸೋರಿಕೆ. ನಂತರ ಪೈಪಿಗೆ ಯು ಆಕಾರದ ಪಾರದರ್ಶಕ ನಳಿಕೆ ಕಟ್ಟಿ, ನೀರು ಹಾಕಿ, ಒಳಗಿನ ಗಾಳಿಯ ಒತ್ತಡ ಇಳಿಯದೆ ನಿಲ್ಲುತ್ತದೆಯೋ ನೋಡಿ. ಈ ಪರೀಕ್ಷೆ ಬೇಡ ಅನ್ನುವ ಮೇಸ್ತ್ರಿಗೆ ಕೆಲಸ ಕೊಡಬೇಡಿ. ಸ್ಥಾವರ ಅಡುಗೆಮನೆಯಿಂದ 20 ಮೀಟರಿನ ಒಳಗಿರಲಿ, ಕುಡಿಯುವ ನೀರಿನ ಬಾವಿಯಿಂದ 15 ಮೀಟರಾದರೂ ದೂರ, ಬಾವಿಗಿಂತ ಇಳಿಜಾರಿನಲ್ಲಿ.

ಬಲೂನು ಒಂದೇ ದಿನದಲ್ಲಿ ಕೂರುತ್ತದೆ, ಮೇಸ್ತ್ರಿ ಬೇಡ, ಬೇಕಾದರೆ ಎತ್ತಿ ಬೇರೆಡೆಗೂ ಒಯ್ಯಬಹುದು. ಆದರೆ ತೋಟದ ಅಂಚಿನಲ್ಲಿ ಇಟ್ಟರೆ ಬೀಳುವ ಸೋಗೆ, ತೆಂಗಿನಕಾಯಿ, ಇಲಿ, ದನದ ಕೊಂಬು ಎಲ್ಲವೂ ಶತ್ರುಗಳೇ. ಬಿಸಿಲು ಹಾಳೆಯನ್ನು ಪೆಡಸು ಮಾಡುತ್ತದೆ. ಶೀಟಿನ ಮಾಡು, ಸುತ್ತ ಜಾಲರಿ, ಅದರ ಖರ್ಚು ಸೇರಿಸಿಯೇ ಬೆಲೆ ಹೋಲಿಸಿ. ಒತ್ತಡ ಕಡಿಮೆ ಇರುವುದರಿಂದ ಅಡುಗೆ ಹೊತ್ತಿಗೆ ಮೇಲೆ ಮರಳಿನ ಚೀಲ ಹೇರಬೇಕಾಗುತ್ತದೆ. ಮಾರುವವರು ಬಾಯಲ್ಲಿ ಹೇಳುವ ವರ್ಷಗಳ ಗ್ಯಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಹರಿದರೆ ಅಂಟಿಸಲು ಊರಿಗೆ ಯಾರು ಬರುತ್ತಾರೆ ಎಂಬುದನ್ನೂ.

ಯಾವ ಮಾದರಿಯಾದರೂ ಉಣಿಸುವ ಕ್ರಮ ಒಂದೇ: ಸಗಣಿ ಒಂದು ಪಾಲು, ನೀರು ಒಂದು ಪಾಲು, ಗಂಟಿಲ್ಲದೆ ಕದಡಿ, ದಿನಾ ಒಂದೇ ಹೊತ್ತಿಗೆ. ಮಲೆನಾಡಿನ ಕೊಟ್ಟಿಗೆಯ ತೊಡಕು ಸೊಪ್ಪು. ಬೆಟ್ಟದ ಸೊಪ್ಪು, ದರಕು ಹಾಸಿದ ಕೊಟ್ಟಿಗೆಯ ಸಗಣಿಯಲ್ಲಿ ಎಲೆ, ಕಡ್ಡಿ ಸೇರುತ್ತವೆ. ಅವು ತೇಲಿ, ಮೇಲೆ ದಪ್ಪ ಕೆನೆ ಕಟ್ಟಿ, ಅನಿಲ ಮೇಲೇಳದಂತೆ ತಡೆಯುತ್ತವೆ. ಸ್ಥಾವರ ಇಟ್ಟವರು ದನ ನಿಲ್ಲುವ ಜಾಗದಲ್ಲಿ ಕಲ್ಲು ಚಪ್ಪಡಿ ಹಾಸಿ, ಸೊಪ್ಪನ್ನು ನೇರ ಗೊಬ್ಬರಗುಂಡಿಗೆ ಹಾಕುವುದು ಲೇಸು. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಸಗಣಿ ಕದಡುವ ತೊಟ್ಟಿಗೆ ಹರಿಸಬೇಡಿ, ಬಗ್ಗಡ ತೆಳುವಾಗಿ ಹಣ್ಣಾಗುವ ಮೊದಲೇ ಹೊರಗೆ ಹೋಗುತ್ತದೆ. ಮಾಡಿನ ಹನಿಯೂ ಬೀಳಬಾರದು, ತೊಟ್ಟಿಯ ಕಟ್ಟೆ ನೆಲದಿಂದ ಒಂದಡಿ ಎತ್ತರವಿರಲಿ. ಫಿನಾಯಿಲ್, ಸೋಪಿನ ನೀರು ಖಂಡಿತ ಬೇಡ. ಕೆಚ್ಚಲುಬಾವಿಗೆ ಆಂಟಿಬಯೋಟಿಕ್ ಚುಚ್ಚಿದ ಹಸುವಿನ ಸಗಣಿಯನ್ನು ಕೆಲವು ದಿನ ಬೇರೆ ಇಡಿ.

ಮೊದಲ ಸಲ ತುಂಬಲು, ಸಗಣಿ 40 ದಿನ ಒಳಗೆ ನಿಲ್ಲುವ ವಿನ್ಯಾಸದ 2 ಘನ ಮೀಟರಿಗೆ ಎರಡು ಸಾವಿರ ಕಿಲೊದಷ್ಟು ಸಗಣಿ ಬೇಕು. ಅಕ್ಕಪಕ್ಕದ ಕೊಟ್ಟಿಗೆಗಳಿಂದ ಮೊದಲೇ ಹೇಳಿಟ್ಟು ಕೂಡಿಸಿ, ನಡೆಯುತ್ತಿರುವ ಸ್ಥಾವರದ ಬಗ್ಗಡ ನಾಲ್ಕಾರು ಕೊಡ ಹೆಪ್ಪಿನಂತೆ ಸೇರಿಸಿ. ಎರಡು ಮೂರು ವಾರಕ್ಕೆ ಬರುವ ಮೊದಲ ಅನಿಲ ಉರಿಯುವುದಿಲ್ಲ, ಅದರಲ್ಲಿ ಗಾಳಿ ಬೆರೆತಿರುವುದರಿಂದ ಅಪಾಯವೂ ಹೌದು. ಹೊರಗೆ ಬಿಟ್ಟುಬಿಡಿ. ಗುಮ್ಮಟದ ಬಾಯಿಯ ಪೈಪಿಗೆ ಕಡ್ಡಿ ಗೀರಿ ಪರೀಕ್ಷಿಸಬೇಡಿ, ಪರೀಕ್ಷೆ ಒಲೆಯಲ್ಲೇ ಆಗಲಿ. ಒಲೆಯೂ ಗೋಬರ್ ಗ್ಯಾಸಿನದೇ ಬೇಕು, ಎಲ್‌ಪಿಜಿ ಒಲೆಯ ಜೆಟ್ಟಿನ ತೂತು ಇದಕ್ಕೆ ಕಿರಿದು.

ಉರಿ ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಗ್ಗಿನಲ್ಲಿರುವ ಕೊಳವೆಯ ನಲ್ಲಿ ತೆರೆದು ನೀರು ಬಸಿಯಿರಿ, ನೂರು ಅಡಿಗೆ ಒಂದಡಿ ಇಳಿಜಾರಿಲ್ಲದ ಪೈಪು ಎಂದಿಗೂ ಸರಿಯಾಗುವುದಿಲ್ಲ. ಹಳದಿ ಉರಿಗೆ ಗಾಳಿಯ ಕಿಂಡಿ ಇನ್ನಷ್ಟು ತೆರೆಯಿರಿ, ಬರ್ನರಿನಿಂದ ಎದ್ದು ಹಾರಿದರೆ ಮುಚ್ಚಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಲ್ಲ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ.

ಹೊರಬರುವ ಬಗ್ಗಡವೇ ತೋಟದವನಿಗೆ ಅರ್ಧ ಲಾಭ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೊ ಹಸಿರೆಲೆ, 12 ಕಿಲೊ ಕೊಟ್ಟಿಗೆ ಗೊಬ್ಬರ ಎಂಬುದು ಶಿಫಾರಸು. ಹಾಸಿಗೆಯಿಂದ ಉಳಿಸಿದ ಸೊಪ್ಪನ್ನು ಗುಂಡಿಯಲ್ಲಿ ಒಂದು ಪದರ, ಬಗ್ಗಡ ಒಂದು ಪದರ ಹಾಕಿದರೆ ಸೊಪ್ಪು ಬೇಗ ಕರಗುತ್ತದೆ. ಎರಡು ಗುಂಡಿ ತೋಡಿ: ಒಂದು ತುಂಬುವಾಗ ಇನ್ನೊಂದು ಹಣ್ಣಾಗಲಿ. ಮಳೆಗಾಲಕ್ಕೆ ಗುಂಡಿಯ ಮೇಲೆ ಮಾಡು ಇಲ್ಲದಿದ್ದರೆ ಸತ್ವವೆಲ್ಲ ಹಳ್ಳ ಸೇರುತ್ತದೆ. ಹೊರಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿಯೇ ಇರಲಿ, ಮಕ್ಕಳು, ಕರು ಬೀಳಬಾರದು.

ಹಿತ್ತಲಲ್ಲಿ ಹಳೇ ಗುಮ್ಮಟ ಇದ್ದರೆ ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಅದನ್ನೇ ನೋಡಿಸಿ. ಒಳಗೆ ಮಾತ್ರ ಯಾರೂ ಇಳಿಯಬಾರದು. ವರ್ಷಗಟ್ಟಲೆ ಮುಚ್ಚಿದ ಗುಂಡಿಯ ಗಾಳಿ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ, ಕಾಪಾಡಲು ಇಳಿದವರೂ ಮೇಲೆ ಬರುವುದಿಲ್ಲ. ಪಂಪಿನಿಂದ ಖಾಲಿ ಮಾಡಿಸಿ, ಎರಡೂ ಬಾಯಿ ದಿನಗಟ್ಟಲೆ ತೆರೆದಿಟ್ಟು, ಗಾಳಿ ಊದುವ ಯಂತ್ರ, ಹಗ್ಗ, ಮೇಲೆ ಇಬ್ಬರು ಕಾವಲು ಇರುವ ತಿಳಿದ ತಂಡಕ್ಕೇ ಕೊಡಿ. ಇಟ್ಟಿಗೆ ಸೀಳದೆ ಪ್ಲಾಸ್ಟರು ಮಾತ್ರ ಹೋಗಿದ್ದರೆ ಹೊಸ ಪ್ಲಾಸ್ಟರು, ಎರಡು ಕೈ ಬಣ್ಣ, ಹೊಸ ಪೈಪು ಸಾಕು. ಬುಡದಲ್ಲೇ ಬಿರುಕು ಕಂಡರೆ ಮಣ್ಣು ತುಂಬಿ ಮುಚ್ಚಿ, ಬೇರೆ ಜಾಗ ನೋಡಿ. ಹೊಸದನ್ನು ಅಗೆಯುವ ಮೊದಲೇ ತಾಲ್ಲೂಕು ಪಂಚಾಯಿತಿಗೆ ಹೋಗಿ ಸಹಾಯಧನದ ಅರ್ಜಿ ವಿಚಾರಿಸಿ, ಗುಂಡಿ ತೋಡಿದ ಮೇಲೆ ಅಲ್ಲ.