ಬಿಳಿ ಕೋಲು, ವೀಲ್‌ಚೇರ್, ಶ್ರವಣ ಸಾಧನ: ಫೋನಿನ ಈ ಇಮೋಜಿಗಳು ಎಷ್ಟು ಉಪಯೋಗ?

2019ರ ತನಕ ಇಮೋಜಿ ಕೀಬೋರ್ಡಿನಲ್ಲಿ ಅಂಗವಿಕಲರ ಪಾಲಿಗೆ ಹೆಚ್ಚುಕಡಿಮೆ ಇದ್ದದ್ದು ನೀಲಿ ಚೌಕದ ♿ ಒಂದೇ. ಅದು ಫಲಕ, ವ್ಯಕ್ತಿಯ ಚಿತ್ರವಲ್ಲ. ರ‍್ಯಾಂಪ್ ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂದು ತಿಳಿಸಲು ಈಗಲೂ ಅದೇ ಸರಿ. ವ್ಯಕ್ತಿಯೊಬ್ಬರ ಹೆಸರಿನ ಪಕ್ಕ ಹಾಕಿದರೆ ಮಾತ್ರ ಅವರ ಕೊರಳಿಗೆ ಬೋರ್ಡು ತೂಗುಹಾಕಿದ ಹಾಗೆ.

ಆ್ಯಪಲ್ 2018ರಲ್ಲಿ, ಇಮೋಜಿಗಳ ಪಟ್ಟಿ ನಿರ್ಧರಿಸುವ ಸಂಸ್ಥೆಯಾದ ಯೂನಿಕೋಡ್‌ಗೆ ಕೊಟ್ಟ ಪ್ರಸ್ತಾವದಿಂದಾಗಿ ಮರುವರ್ಷ ಇಮೋಜಿ ಪಟ್ಟಿಯ 12.0 ಆವೃತ್ತಿಯಲ್ಲಿ ಬಿಳಿ ಕೋಲು, ಎರಡು ಬಗೆಯ ವೀಲ್‌ಚೇರ್, ಕೃತಕ ಕೈಕಾಲು, ಶ್ರವಣ ಸಾಧನ ಹಾಕಿದ ಕಿವಿ, ಮಾರ್ಗದರ್ಶಿ ನಾಯಿ ಬಂದವು. ಊರುಗೋಲು 2021ರಲ್ಲಿ ಸೇರಿತು. ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ಕೈಪೆಡಲಿನ ತ್ರಿಚಕ್ರ ಸೈಕಲ್ಲಾಗಲಿ, ಪಕ್ಕಚಕ್ರದ ಸ್ಕೂಟರಾಗಲಿ ಇನ್ನೂ ಇಲ್ಲ. 🦿 ಬರೀ ಲೋಹದ ಯಂತ್ರ. ಬರಿಗಾಲಲ್ಲೇ ಓಡಾಡಬಹುದಾದ ಜೈಪುರ ಕಾಲಿಗೂ ಅದಕ್ಕೂ ಹೋಲಿಕೆಯೇ ಇಲ್ಲ. 🦾 ಅಂತೂ ಜಿಮ್ಮಿನವರ ಪಾಲಾಗಿದೆ.

ಕಿವುಡರ ಇಮೋಜಿ 🧏 ಅಮೆರಿಕದ ಸಂಜ್ಞಾಭಾಷೆಯದು: ಬೆರಳು ಕಿವಿಯ ಬಳಿಯಿಂದ ಬಾಯಿಯ ಬಳಿಗೆ ಚಲಿಸಬೇಕು. ಚಿತ್ರದಲ್ಲಿ ಕೈ ನಿಂತಲ್ಲೇ ನಿಂತಿರುವುದರಿಂದ ಗೊತ್ತಿಲ್ಲದವರು ‘ಕಿವಿಗೊಟ್ಟು ಕೇಳು’ ಎಂದು ಓದಿಕೊಳ್ಳುತ್ತಾರೆ. ಅದರ ಬದಲಿಗೆ 🦻 ಹಾಕುವುದೂ ತಪ್ಪು; ಸಂಜ್ಞೆಯಲ್ಲೇ ಮಾತಾಡುವ ಎಷ್ಟೋ ಮಂದಿ ಸಾಧನ ಹಾಕುವುದಿಲ್ಲ.

ಹೆಚ್ಚು ಕೈಕೊಡುವುದು ಕೋಲು ಹಿಡಿದ ವ್ಯಕ್ತಿಯ ಚಿತ್ರ, 👨‍🦯. ಇದಕ್ಕೆ ಸ್ವಂತ ಸಂಕೇತವಿಲ್ಲ. ಗಂಡಸು, ಕೋಲು ಎರಡನ್ನೂ ಕಣ್ಣಿಗೆ ಕಾಣದ, ಜೋಡಿಸುವುದಕ್ಕೆಂದೇ ಇರುವ ಸಂಕೇತವೊಂದು ಅಂಟಿಸಿರುತ್ತದೆ. ಮೇಲಿನ ‘ರ‍್ಯಾಂಪ್’ ಪದದಲ್ಲಿ ‘ರ’ವನ್ನು ಹಿಡಿದು ನಿಲ್ಲಿಸಿರುವುದೂ ಅದೇ. ಕೆಲವು ತಂತ್ರಾಂಶಗಳು ಅದನ್ನು ಕಸವೆಂದು ಅಳಿಸಿಹಾಕುತ್ತವೆ. ಆಗ ಕನ್ನಡದಲ್ಲಿ ಅರ್ಕಾವತ್ತು ಬಂದು ‘ರ್ಯಾಂಪ್’ ಆಗುತ್ತದೆ, ಇಮೋಜಿ ಒಡೆದು ಗಂಡಸೊಬ್ಬ, ಪಕ್ಕದಲ್ಲೊಂದು ಕೋಲು ಉಳಿಯುತ್ತವೆ. ಮೊದಲಿನ ಚಿತ್ರಗಳೆಲ್ಲ ಎಡಕ್ಕೇ ಮುಖ ಮಾಡಿದ್ದವು. ‘👨‍🦯 ಬಸ್ ನಿಲ್ದಾಣ’ ಎಂದು ಬರೆದರೆ ಆತ ನಿಲ್ದಾಣಕ್ಕೆ ಬೆನ್ನು ಹಾಕಿ ಹೊರಟಂತೆ ಕಾಣುತ್ತದೆ. 2023ರ 15.1 ಆವೃತ್ತಿಯಲ್ಲಿ ಬಲಮುಖದವು ಬಂದವು, ಆದರೆ ಹಳೆಯ ಫೋನಿನಲ್ಲಿ ಪಕ್ಕಕ್ಕೊಂದು ಬಾಣದ ಗುರುತು ಉದುರಿ ಬೀಳುತ್ತದೆ.

ಎಸ್ಸೆಮ್ಮೆಸ್ಸಿನಲ್ಲಿ ಇದು ದುಬಾರಿ ಕೂಡ. ಕನ್ನಡದ ಒಂದು ಸಂದೇಶಕ್ಕೆ ಸಿಗುವುದು 70 ಸ್ಥಾನ. ಈ ಚಿತ್ರ 5 ನುಂಗುತ್ತದೆ, ಚರ್ಮದ ಬಣ್ಣ ಆರಿಸಿದರೆ 7, ಬಲಕ್ಕೂ ತಿರುಗಿಸಿದರೆ 10.

ಟಾಕ್‌ಬ್ಯಾಕ್, ವಾಯ್ಸ್‌ಓವರ್ ಎಂಬ, ಪರದೆಯಲ್ಲಿರುವುದನ್ನು ಓದಿಹೇಳುವ ತಂತ್ರಾಂಶ ಬಳಸುವವರಿಗೆ ಪ್ರತಿ ಇಮೋಜಿಯ ಹೆಸರೂ ಗಟ್ಟಿಯಾಗಿ ಕೇಳಿಸುತ್ತದೆ. ಆದ್ದರಿಂದ ಸಾಲಾಗಿ ಐದಾರು ಹಾಕಬೇಡಿ. ಒಂದೇ ಸಾಕು, ಅದೂ ವಾಕ್ಯದ ಕೊನೆಗೆ. ಪದದ ಜಾಗದಲ್ಲಂತೂ ಬೇಡ: ‘ಹಿಂಬಾಗಿಲಲ್ಲಿ ರ‍್ಯಾಂಪ್ ಇದೆ ♿’ ಎಂದು ಪೂರ್ತಿ ಬರೆಯಿರಿ. ವಾಟ್ಸ್‌ಆ್ಯಪ್ ಆಂಡ್ರಾಯ್ಡ್‌ನಲ್ಲಿ ತನ್ನದೇ ಚಿತ್ರಗಳನ್ನು ತೋರಿಸುವುದರಿಂದ ಅಲ್ಲಿ ಸರಿ ಕಂಡದ್ದು ಎಸ್ಸೆಮ್ಮೆಸ್ಸಿನಲ್ಲಿ ಒಡೆಯಬಹುದು. ಎಲ್ಲರಿಗೂ ತಲುಪಲೇಬೇಕಾದ ಸೂಚನೆಗೆ ಹಳೆಯ ♿ ಅನ್ನೇ ನೆಚ್ಚಿಕೊಳ್ಳಿ.